ನಿಮ್ಮ ತಂಗಿಯ ಕಂಪ್ಯೂಟರ್

ಸರಗೂರು
೧೪ ನವೆಂಬರ್ ೨೦೧೦

ಕಾಂತರಾಜು ಅವರಿಗೆ ರೂಪಶ್ರೀ ಬರೆಯುತ್ತಿರುವುದು.

ಮದುವೆಯಾದ ಮೇಲೆ ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಅಂಗಡಿಗೆ ಫೋನ್ ಬಂದರೂ ‘ಅವರು ಇಲ್ಲ, ಆಮೇಲೆ ಮಾಡಿ’ ಅನ್ನುತ್ತಿದ್ದೆ. ಈಗ ಬರೆಯುವಾಗ ಕೈ ತಡೆಯಲಿಲ್ಲ. ಕ್ಷೇಮ ಸಮಾಚಾರವನ್ನು ಬಿಟ್ಟಿದ್ದೇನೆ. ನಾವು ಚೆನ್ನಾಗಿದ್ದೇವೆ ಅಂದರೆ ನಿಮಗೆ ಹಗುರಾಗುತ್ತದೆ, ಚೆನ್ನಾಗಿಲ್ಲ ಅಂದರೆ ನೀವು ಅಂದುಕೊಂಡದ್ದೇ ನಿಜವಾದ ಹಾಗಾಗುತ್ತದೆ. ಎರಡೂ ನನಗೆ ಬೇಡ.

ನಿಮ್ಮ ಕಾಗದ ತಲುಪಿತು. ಕೆ.ಆರ್. ನಗರದಲ್ಲಿ ಎರಡನೆಯ ಅಂಗಡಿ ತೆರೆಯುತ್ತೀರಂತೆ. ಅದು ನನ್ನ ತವರೂರು, ಅಲ್ಲಿ ಹೆಂಡತಿಯಿಲ್ಲದೆ ಪೂಜೆಗೆ ಕೂತರೆ ಜನ ಕೇಳುತ್ತಾರೆ, ನಾನು ಬಂದು ಪಕ್ಕದಲ್ಲಿ ಕೂರಬೇಕಂತೆ. ಪೇಪರಿನವರು ಬರುತ್ತಾರಂತೆ, ಆದ್ದರಿಂದ ನಿಮ್ಮ ತಂಗಿ ಸುಧಾಳನ್ನೂ ಕರೆತರಬೇಕಂತೆ. ಕೊನೆಗೆ, ‘ಒಂದು ಮಿಷನ್ನಿನ ವಿಷಯಕ್ಕೆ ಯಾರಾದರೂ ಸಂಸಾರ ಒಡೆದುಕೊಳ್ಳುತ್ತಾರೆಯೇ’ ಎಂದು ಕೇಳಿದ್ದೀರಿ. ಮಿಕ್ಕದ್ದನ್ನೆಲ್ಲ ನಿಮ್ಮ ತಂಗಿಗೆ ಓದಿ ಹೇಳಿದೆ. ಆ ಸಾಲನ್ನು ಮಾತ್ರ ಹಾರಿಸಿದೆ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಅನ್ನಿಸಬಹುದು. ಊರಿಗೆಲ್ಲ ಬೇರೆ ಥರ ಹೇಳಿ ಹೇಳಿ ನಿಮಗೇ ಅದು ನಿಜವಾಗಿಬಿಟ್ಟಿದೆ. ಆದ್ದರಿಂದ ಒಂದು ಸಲ ನಡೆದ ಹಾಗೆಯೇ ಬರೆಯುತ್ತೇನೆ.

ಹುಣಸೂರಿನ ಬಸ್ ಸ್ಟ್ಯಾಂಡ್ ಹತ್ತಿರದ ನಿಮ್ಮ ಅಂಗಡಿಗೆ ಆ ಹತ್ತು ಸಾವಿರದ ಕಂಪ್ಯೂಟರುಗಳು ಬರತೊಡಗಿದ್ದು ನಮ್ಮ ಮದುವೆಯಾದ ಮರುವರ್ಷ. ಬೆಲೆ ಇಳಿಸಬೇಕೆಂದು ಕಂಪನಿಯವರು ಅದರೊಳಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಕಳಿಸುತ್ತಿದ್ದರು. ಅದಕ್ಕೆ ದುಡ್ಡು ಕೊಡಬೇಕಾಗಿರಲಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದಿತ್ತು, ಇನ್ನೊಬ್ಬರಿಗೆ ಹಂಚಬಹುದಿತ್ತು. ನೀವು ಪೆಟ್ಟಿಗೆ ಬಿಚ್ಚಿದ ಕೂಡಲೆ ಅದನ್ನು ಅಳಿಸಿ, ಎಲ್ಲಿಂದಲೋ ತಂದ ಕಳ್ಳ ಸಿ.ಡಿ.ಯಿಂದ ವಿಂಡೋಸ್ ತುಂಬಿ ಗಿರಾಕಿಗೆ ಕೊಡುತ್ತಿದ್ದಿರಿ. “ಕಂಪ್ನಿಯೋರು ಖಾಲಿ ಮಿಷನ್ ಕಳ್ಸವ್ರೆ, ನಾನ್ ತುಂಬ್ಕೊಡ್ತೀನಿ ಬುಡಿ” ಅನ್ನುವುದು ನಿಮ್ಮ ಮಾತು. ಅದಕ್ಕಾಗಿ ನಿಮ್ಮನ್ನು ಬೈಯಲಾರೆ. ಆಗ ಎಲ್ಲ ಅಂಗಡಿಗಳಲ್ಲೂ ಅದೇ ನಡೆಯುತ್ತಿತ್ತು, ಗಿರಾಕಿಗಳೂ ಅದನ್ನೇ ಕೇಳುತ್ತಿದ್ದರು.

ನಾನು ಒಂದನ್ನು ಅಳಿಸಲು ಬಿಡಲಿಲ್ಲ. ಬಿ.ಕಾಂ. ಓದಿ ಬಂದವಳು ಅಂಗಡಿಯ ಮೇಲಿನ ಮಹಡಿಮನೆಯಲ್ಲಿ ಬೇಸಾಯದವರ ಮನೆಯಷ್ಟೂ ಕೆಲಸವಿಲ್ಲದೆ ಕೂತಿದ್ದೆ. ಖಾಲಿ ಅನ್ನುತ್ತಾರಲ್ಲ, ಖಾಲಿಯೊಳಗೆ ಏನಿದೆ ನೋಡೋಣ ಅನ್ನಿಸಿತು. ನೀವು ನಕ್ಕು, ಅಂಗಡಿಯ ಹಿಂದಿನ ಮೂಲೆಯಲ್ಲಿ ಅದಕ್ಕೊಂದು ಮೇಜು ಹಾಕಿಸಿಕೊಟ್ಟಿರಿ. ಮೈಸೂರಿಗೆ ಮಾಲು ತರಲು ಹೋದಾಗಲೆಲ್ಲ ಸಿ.ಡಿ. ಜೊತೆಗೆ ಬರುವ ಇಂಗ್ಲಿಷ್ ಪತ್ರಿಕೆಯನ್ನೂ ಮಲ್ಲಿಗೆ ಹೂವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದಿರಿ. ಪುಟ ತಿರುವಿದರೆ ಹೂವಿನ ವಾಸನೆ ಬರುತ್ತಿತ್ತು. ಆ ದಿನಗಳು ಸುಳ್ಳು ಅಂತ ನಾನು ಯಾರ ಮುಂದೆಯೂ ಹೇಳಿಲ್ಲ.

ಸುಧಾಳ ವಿಷಯದಲ್ಲೂ ಹಾಗೆಯೇ. ಪಿ.ಯು.ಸಿ. ಓದುವಾಗ ಜ್ವರ ಬಂದು ಅವಳ ಕಣ್ಣಿನ ನರ ಒಣಗಿದಾಗ ಮೈಸೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಕೈ ಹಿಡಿದು ಕರೆದುಕೊಂಡು ಅಲೆದವರು ನೀವು. ಇನ್ನು ಆಗುವುದಿಲ್ಲ ಅಂತ ಡಾಕ್ಟರು ಹೇಳಿದ ದಿನ ಬಸ್ ಸ್ಟ್ಯಾಂಡಿನಲ್ಲಿ ನೀವು ಅತ್ತದ್ದನ್ನು ಅವಳೇ ನನಗೆ ಹೇಳಿದ್ದಾಳೆ. “ನಂಗ್ ಕಾಣ್ಸಲ್ಲ ಅಂತ ಸದ್ದಿಲ್ದೆ ಅಳ್ತಿದ್ದ ಕಣತ್ತಿಗೆ, ಭುಜ ಅಲ್ಲಾಡ್ತಿದ್ದದ್ದು ಗೊತ್ತಾಯ್ತು” ಅಂದಿದ್ದಳು. ಅಂಥ ಅಣ್ಣ ಎಲ್ಲಿ ಹೋದ ಎಂದು ನಾನು ಈಗಲೂ ಯೋಚಿಸುತ್ತೇನೆ.

ನಾನು ಆ ಮನೆಗೆ ಬಂದಾಗ ಅವಳು ಬೆಳಿಗ್ಗೆಯಿಂದ ಸಂಜೆವರೆಗೆ ಅಡುಗೆಮನೆಯ ಗೋಡೆಗೆ ಒರಗಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಬೇಕಾದ್ದಕ್ಕಿಂತ ಹೆಚ್ಚು ಬಿಡಿಸಿ ಇಡುತ್ತಿದ್ದಳು. ಲಿನಕ್ಸ್ ಜೊತೆಯಲ್ಲೇ, ಪರದೆಯ ಮೇಲಿನದನ್ನು ಓದಿ ಹೇಳುವ ಸಲಕರಣೆಯೊಂದು ಪುಕ್ಕಟೆ ಬರುತ್ತದೆ ಎಂದು ಪತ್ರಿಕೆಯಲ್ಲಿ ಓದಿದೆ. ಅದಕ್ಕೆ ಕನ್ನಡದ ದನಿ ಸೇರಿಸಲು ಬಹಳ ಒದ್ದಾಡಿದೆ. ಕೊನೆಗೊಂದು ಮಧ್ಯಾಹ್ನ ಅದು ಬಾಯಿಬಿಟ್ಟಿತು. ಸುಧಾಳನ್ನು ಕೆಳಗೆ ಕರೆತಂದು ಕೂರಿಸಿ ಅವಳ ಹೆಸರನ್ನು ಹೇಳಿಸಿದೆ. ಅವಳು ತಲೆ ವಾಲಿಸಿ ಕೇಳಿದಳು. “ಇವ್ನಿಗೆ ನೆಗಡಿ ಬಂದದೆ ಕಣತ್ತಿಗೆ” ಅಂದು ನಕ್ಕಳು. ಆ ಮನೆಗೆ ಬಂದ ಮೇಲೆ ಅವಳ ನಗು ನಾನು ಕೇಳಿದ್ದು ಅದೇ ಮೊದಲು. ನೀವು ಗಲ್ಲಾದಿಂದ ಎದ್ದು ಬಂದು ನಿಂತಿದ್ದಿರಿ. ನಿಮ್ಮ ಕಣ್ಣು ತುಂಬಿತ್ತು.

ಅದರ ದನಿಯೇನೂ ಚೆಂದ ಇರಲಿಲ್ಲ. ಮೂಗು ಕಟ್ಟಿದ ಗಂಡಸು ಪಾಠ ಒಪ್ಪಿಸಿದ ಹಾಗೆ, ಒತ್ತಕ್ಷರ ಬಂದಲ್ಲಿ ಎಡವುತ್ತಿತ್ತು. ಅವಳಿಗೆ ಅಷ್ಟು ಸಾಕಾಯಿತು. ಎಫ್ ಮತ್ತು ಜೆ ಕೀಗಳ ಮೇಲಿನ ಸಣ್ಣ ಉಬ್ಬನ್ನು ಬೆರಳಿನಲ್ಲಿ ಹುಡುಕಿಕೊಂಡು, ಅಲ್ಲಿಂದ ಉಳಿದ ಕೀಗಳ ಜಾಗ ಲೆಕ್ಕ ಹಾಕಿ, ಕನ್ನಡ ಒತ್ತುವುದನ್ನು ಕಲಿತಳು. ಬೆಳ್ಳುಳ್ಳಿ ಬಿಡಿಸುವುದು ನನ್ನ ಪಾಲಿಗೆ ಬಂತು.

ಅವಳು ಬರೆಯುತ್ತಿದ್ದುದು ಏನು ಎಂದು ನೀವು ಒಂದು ಸಲವೂ ಕೇಳಲಿಲ್ಲ. ‘ಕಂಡದ್ದು’ ಎಂದು ಹೆಸರಿಟ್ಟಿದ್ದಳು. ಕಣ್ಣಿದ್ದಾಗ ನೋಡಿದ್ದೆಲ್ಲವನ್ನೂ ಬರೆದಿಡುತ್ತಿದ್ದಳು. ಯಾಕೆ ಅಂತ ನಾನೂ ಮೊದಲು ಕೇಳಿರಲಿಲ್ಲ, ಅವಳೇ ಒಂದು ದಿನ ಹೇಳಿದಳು. “ಅವ್ವನ ಮೊಕ ಮಸುಕಾಯ್ತಾ ಅದೆ ಅತ್ತಿಗೆ. ಮೂಗ್‌ಬೊಟ್ಟು ಯಾವ್ ಕಡೆ ಇಕ್ಕೊತಿತ್ತು ಅಂತ ನಿನ್ನೆ ಸಂಜೆಯಿಂದ ಯೋಚ್ನೆ ಮಾಡ್ತಾ ಇವ್ನಿ, ನೆನ್ಪಿಗ್ ಬರ್ತಿಲ್ಲ.” ನಿಮ್ಮ ತಾಯಿ ರುಕ್ಮಿಣಮ್ಮನವರನ್ನು ನಾನು ನೋಡಿಲ್ಲ, ಅವರು ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. ನಿಮ್ಮಣ್ಣನನ್ನು ಕೇಳು, ಹೇಳುತ್ತಾರೆ ಅಂದೆ. ಅದಕ್ಕೆ, “ಅದು ಅಣ್ಣ ಕಂಡ ಅವ್ವ ಆಯ್ತದೆ. ನಂಗೆ ನಾನ್ ಕಂಡಿದ್ದು ಬೇಕು” ಅಂದಳು.

ಕಣ್ಣು ಹೋದವರಿಗೆ ಕಂಡದ್ದೂ ನಿಧಾನವಾಗಿ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅದು ಪೂರ್ತಿ ಹೋಗುವ ಮೊದಲು ಅವಳು ಹಿಡಿದಿಡುತ್ತಿದ್ದಳು. ಉರಿ ಹಾಕಿದ ಬ್ಯಾರನ್ನಿನ ಮನೆಯೊಳಗೆ ಬೇಯುವ ಹೊಗೆಸೊಪ್ಪು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುವುದು, ತುಂಬಿದ ಲಕ್ಷ್ಮಣತೀರ್ಥ ಹೊಳೆಯ ನೀರಿಗೆ ಇರುವ ಚಹಾದಂಥ ಬಣ್ಣ, ಜೊತೆಯವಳ ಎರಡು ಜಡೆಯ ರಿಬ್ಬನ್ನು, ಅರಿಶಿನ ಹತ್ತಿದ ಅವ್ವನ ಉಗುರು. ಬರೆದು ಮುಗಿಸಿ ಆ ನೆಗಡಿಯವನಿಂದ ಓದಿಸಿಕೊಳ್ಳುತ್ತಿದ್ದಳು. ಕೇಳುವಾಗ ಅವಳ ಮುಖ ಏನನ್ನೋ ನೋಡುತ್ತಿರುವವರ ಮುಖದ ಹಾಗಿರುತ್ತಿತ್ತು. ಅದೇ ಹೊತ್ತಿನಲ್ಲಿ ನೀವು ಐದಾರು ಮೊಳ ದೂರದ ಗಲ್ಲಾದಲ್ಲಿ ಕೂತಿರುತ್ತಿದ್ದಿರಿ.

ಜಾಹೀರಾತು ಕೇಳಲು ಬಂದ ಪೇಪರಿನವನು ಅವಳನ್ನು ಕಂಡು ಬೆರಗಾದ. ಯಾರು ಕಲಿಸಿದರು ಎಂದು ಕೇಳಿದ. ನಾನು ಕಾಫಿ ತರಲು ಮೇಲೆ ಹೋಗಿದ್ದೆ. ಲೋಟ ಹಿಡಿದು ಮೆಟ್ಟಿಲು ಇಳಿಯುವಾಗ ನಿಮ್ಮ ಉತ್ತರ ಕೇಳಿಸಿತು: “ನಾನೇ ಕಣ್ರೀ, ಪ್ರೋಗ್ರಾಂ ಎಲ್ಲ ನಂದೇ. ತಂಗಿ ಅಲ್ವಾ.” ಫೋಟೋ ಬಂತು. ನೀವು, ಸುಧಾ, ಹಿಂದೆ ಅಂಗಡಿಯ ಬೋರ್ಡು. ಮಾರಾಟ ಏರಿತು. ಹೆಸರು ಯಾರದಾದರೇನು, ಅವಳ ಕೆಲಸ ನಡೆಯುತ್ತಿದೆಯಲ್ಲ ಅಂದುಕೊಂಡೆ.

ಆಮೇಲೆ ನಾನು ತವರಿಗೆ, ತಮ್ಮನ ಮಗುವಿನ ನಾಮಕರಣಕ್ಕೆ ಹೋದೆ. ಹೊಗೆಸೊಪ್ಪಿನ ಹರಾಜು ನಡೆಯುತ್ತಿದ್ದ ಕಾಲ, ಪಿರಿಯಾಪಟ್ಟಣದ ಕಡೆಯವರ ಕೈಯಲ್ಲಿ ಕಾಸು ಓಡಾಡುತ್ತಿತ್ತು. ಹಾರನಹಳ್ಳಿಯ ಸಣ್ಣಬೀರಯ್ಯ ಕಾಲೇಜಿಗೆ ಹೋಗುವ ಮಗಳಿಗೆ ಕಂಪ್ಯೂಟರ್ ಬೇಕು ಅಂತ ಬಂದರು. ನಿಮ್ಮಲ್ಲಿ ಒಂದೂ ಉಳಿದಿರಲಿಲ್ಲ. ಇವತ್ತು ಇಲ್ಲ ಅಂದರೆ ಮೈಸೂರಿಗೆ ಹೋಗುತ್ತೇನೆ ಅಂದರಂತೆ. ನೀವು ಹಿಂದಿನ ಮೂಲೆಗೆ ಹೋಗಿ ವೈರು ಕಿತ್ತಿರಿ. ಲಿನಕ್ಸ್ ಅಳಿಸಿ ವಿಂಡೋಸ್ ತುಂಬಿದಿರಿ. ‘ಕಂಡದ್ದು’ ಬರಹದ ಇನ್ನೊಂದು ಪ್ರತಿಯನ್ನು ನಾನು ಪೆನ್ ಡ್ರೈವಿನಲ್ಲಿ ಹಾಕಿ ಮೇಜಿನ ಪಕ್ಕದ ಮೊಳೆಗೆ ನೇತುಹಾಕಿದ್ದೆ. ಹಾರನಹಳ್ಳಿಗೆ ಹೋಗಿ ಕೂರಿಸಿಕೊಡುವಾಗ ಸಿನಿಮಾ ಹಾಡು ಬೇಕಾಗುತ್ತವೆ ಎಂದು ಅದನ್ನೂ ಅಳಿಸಿ ಹಾಡು ತುಂಬಿಕೊಂಡು ಹೋದಿರಿ.

ಸುಧಾ ಊಟ ಮಾಡಿ ಕೆಳಗಿಳಿದು ಬಂದು ಎಂದಿನಂತೆ ಕುರ್ಚಿ ಎಳೆದು ಕೂತು ಕೈ ಮುಂದೆ ಚಾಚಿದಳಂತೆ. ಬರೀ ಮೇಜು. ಮೇಜಿನ ಮೇಲೆಲ್ಲ ಕೈಯಾಡಿಸಿದಳಂತೆ, ಕೆಳಗೆ ಬಗ್ಗಿ ನೆಲವನ್ನೂ ತಡವಿದಳಂತೆ. ಬೀಗ ಹಾಕಿದ ಅಂಗಡಿಯಲ್ಲಿ ನೀವು ಬರುವವರೆಗೂ ಅಲ್ಲೇ ಕೂತಿದ್ದಳು.

ಮರುದಿನ ನಾನು ಬಂದು ಕೇಳಿದಾಗ ನೀವು ಅಂದ ಮಾತನ್ನು ಬರೆಯುತ್ತೇನೆ, ಮರೆತಿದ್ದರೆ ನೆನಪಾಗಲಿ. “ಅದೇನ್ ಮಹಾ ಕಳ್ಕೊಂಡಂಗಾಡ್ತೀಯ? ಬರ್ದಿದ್ದೆಲ್ಲ ಅವ್ಳ್ ತಲೇಲೇ ಇಲ್ವಾ? ಇನ್ನೊಂದ್ ಸ್ಟಾಕ್ ಬರ್ಲಿ, ಮತ್ತೆ ಒತ್ಕೊಳ್ಳಿ ಬುಡು.” ಅವಳ ತಲೆಯಲ್ಲಿ ಉಳಿಯುತ್ತಿಲ್ಲ ಅನ್ನುವುದಕ್ಕೇ ಅವಳು ಬರೆಯುತ್ತಿದ್ದಳು. ಅದನ್ನು ಹೇಳಿದೆ. ಗಿರಾಕಿ ಬಂದರು, ನೀವು ಎದ್ದು ಹೋದಿರಿ.

ಹೊಸ ಸ್ಟಾಕ್ ಬಂತು, ಮುಗಿಯಿತು. ಇನ್ನೊಂದು ಬಂತು. ಸುಧಾಳಿಗೆ ಒಂದನ್ನೂ ಕೊಡಲಿಲ್ಲ. ನಾನು ಕೇಳಿದಾಗಲೆಲ್ಲ ಮುಂದಿನ ವಾರ ಅಂದಿರಿ. ಅವಳು ಮತ್ತೆ ಅಡುಗೆಮನೆಯ ಗೋಡೆಗೆ ಒರಗಿದಳು. ಪೇಪರಿನಲ್ಲಿ ಬಂದ ಫೋಟೋ ನೋಡಿ ಒಂದು ಸಂಘದವರು ಊರಿನ ಕಲ್ಯಾಣ ಮಂಟಪದಲ್ಲಿ ನಿಮಗೆ ಸನ್ಮಾನ ಇಟ್ಟುಕೊಂಡರು. ತಂಗಿ ವೇದಿಕೆಯ ಮೇಲೆ ಕಂಪ್ಯೂಟರ್ ನಡೆಸಿ ತೋರಿಸಬೇಕು, ಅದನ್ನು ದೊಡ್ಡ ಪರದೆಯ ಮೇಲೆ ಎಲ್ಲರೂ ನೋಡಬೇಕು ಅಂತ ಮಾತಾಯಿತು. ಆಗ ಒಂದು ಮಿಷನ್ ತಟ್ಟನೆ ಸಿಕ್ಕಿತು. ಹಿಂದಿನ ದಿನ ನಾನು, ಲಿನಕ್ಸ್ ಸಿ.ಡಿ. ಕೊಡಿ, ಮಾತಾಡುವುದನ್ನು ಅದಕ್ಕೆ ಹಾಕುತ್ತೇನೆ ಎಂದು ಕೇಳಿಕೊಂಡೆ. “ಆ ನೆಗಡಿ ದನೀನ ಗೆಸ್ಟ್‌ಗಳ ಮುಂದೆ ಕೇಳ್ಸಕ್ಕಾಯ್ತದಾ? ಮಾನ ಹೋಯ್ತದೆ” ಅಂದಿರಿ. ಯಾರೋ ಹುಡುಗಿಯಿಂದ ಇಂಪಾಗಿ ಮಾತಾಡಿಸಿ ರೆಕಾರ್ಡ್ ಮಾಡಿಸಿದ್ದಿರಿ. ಸುಧಾಳಿಗೆ ನೀವು ಹೇಳಿದ್ದು ನಾನು ಕೇಳಿಸಿಕೊಂಡೆ: “ಸುಮ್ನೆ ಕೈ ಆಡುಸ್ತಾ ಇರು ಸಾಕು. ಸೌಂಡ್ ನಾನ್ ಬುಡ್ತೀನಿ.” ಅವಳು ಹೂಂ ಅಂದಳು.

ನಿಮಗೆ ಶಾಲು ಹೊದಿಸಿದರು, ಪೇಟ ಇಟ್ಟರು. ಸುಧಾ ಹಸಿರು ಸೀರೆಯುಟ್ಟು ಕಂಪ್ಯೂಟರಿನ ಮುಂದೆ ಕೂತಳು. ಕನ್ನಡ ಒತ್ತುವ ಖಾಲಿ ಪುಟ ತೆರೆದಿಟ್ಟು, ನೀವು ಆ ಹುಡುಗಿಯ ದನಿ ಬಿಟ್ಟಿರಿ. ‘ನಮಸ್ಕಾರ, ನಾನು ಸುಧಾ, ನನ್ನ ಅಣ್ಣನೇ ನನ್ನ ಕಣ್ಣು’ ಎಂದು ಅದು ಶುರು ಮಾಡಿತು. ಜನ ಚಪ್ಪಾಳೆ ತಟ್ಟಿದರು. ನಾನು ಹೆಂಗಸರ ಸಾಲಿನಲ್ಲಿದ್ದೆ. ಸುಧಾಳ ಬೆರಳು ಕೀಗಳ ಮೇಲೆ ಉಬ್ಬು ಹುಡುಕಿದ್ದು ನನಗೆ ಕಂಡಿತು.

ದೊಡ್ಡ ಪರದೆಯ ಮೇಲೆ ಅಕ್ಷರ ಮೂಡಿದವು. ತಪ್ಪುಗಳಿದ್ದವು, ಅವಳಿಗೆ ಓದಿ ಹೇಳುವವರು ಯಾರೂ ಇರಲಿಲ್ಲವಲ್ಲ. ಆದರೂ ಓದಲು ಕಷ್ಟವಿರಲಿಲ್ಲ. ‘ಈ ಮಿಷನ್ನಿಗೆ ಮಾತು ಬರುವುದಿಲ್ಲ. ಇದು ನನ್ನ ದನಿ ಅಲ್ಲ. ಮಾತು ಬರುತ್ತಿದ್ದುದನ್ನು ಅಣ್ಣ ಮಾರಿದ. ನಾನು ಬರೆದದ್ದನ್ನು ಅಳಿಸಿದ. ಅವ್ವನನ್ನು ಅಳಿಸಿದ.’

ಆ ಹುಡುಗಿಯ ದನಿ ನಿಮ್ಮನ್ನು ಹೊಗಳುತ್ತಲೇ ಇತ್ತು. ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು ನಕ್ಕರು. ಮಿಕ್ಕವರು ಓದುತ್ತಿದ್ದರು. ನೀವು ಓಡಿ ಬಂದು ಪ್ಲಗ್ ಕಿತ್ತಿರಿ. ಮೈಕಿನಲ್ಲಿ, “ಕರೆಂಟ್ ಹೋಯ್ತು, ದಯವಿಟ್ಟು ಕ್ಷಮಿಸ್ಬೇಕು” ಅಂದಿರಿ. ಎಲ್ಲರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಮನೆಗೆ ಬಂದ ಮೇಲೆ ನೀವು ಅವಳಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳೇನೋ. “ಕುರುಡಿಗೆ ಕಂಪ್ಯೂಟರ್ ಕೊಟ್ಟಿದ್ದು ನನ್ ತಪ್ಪು” ಅಂದಿರಿ. ಆ ಮಾತನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಎಲ್ಲಾ ನೀನೇ ಹೇಳ್ಕೊಟ್ಟಿದ್ದು” ಅಂದಿರಿ. ಅಕ್ಷರ ಒತ್ತುವುದನ್ನು ನಾನೇ ಹೇಳಿಕೊಟ್ಟೆ, ಹೌದು. ಪೇಪರಿನವನ ಮುಂದೆ ಒಪ್ಪದ್ದನ್ನು ಅವತ್ತು ಒಪ್ಪಿಕೊಂಡಿರಿ.

ಬೆಳಿಗ್ಗೆ ಸುಧಾ ನನ್ನ ಕೈ ಹಿಡಿದು, “ನಾನ್ ಇಲ್ಲಿರಲ್ಲ ಅತ್ತಿಗೆ. ನೀನ್ ಬರ್ದೇ ಇದ್ರೂ ನಾನೋಯ್ತೀನಿ” ಅಂದಳು. ಎಚ್.ಡಿ. ಕೋಟೆ ಬಸ್ಸು ಹತ್ತಿ, ಅಲ್ಲಿಂದ ಸರಗೂರಿಗೆ ನನ್ನ ದೊಡ್ಡಮ್ಮ ಭಾಗ್ಯಮ್ಮನ ಮನೆಗೆ ಬಂದೆವು. ನಾನು ಅವಳನ್ನು ಎತ್ತಿಕೊಂಡು ಹೋದೆ ಎಂದು ನೀವು ಊರಲ್ಲಿ ಹೇಳಿದ್ದೀರಿ. ನಿಜ ಹೇಳಬೇಕೆಂದರೆ ಹೊರಟವಳು ಅವಳು. ನಾನು ಬ್ಯಾಗು ಹಿಡಿದು ಹಿಂದೆ ನಡೆದೆ. ಬಸ್ಸು ಬಿಡುವವರೆಗೂ ನಾನು ಕಿಟಕಿಯಿಂದ ರಸ್ತೆಯ ಕಡೆ ನೋಡುತ್ತಿದ್ದೆ ಅನ್ನುವುದನ್ನು ಅವಳಿಗೆ ಹೇಳಿಲ್ಲ. ನೀವು ಬರಲಿಲ್ಲ.

ಇಲ್ಲಿ ಮುಂದಿನ ಕೋಣೆಯನ್ನು ದೊಡ್ಡಮ್ಮ ಬಿಟ್ಟುಕೊಟ್ಟಿದ್ದಾರೆ. ಯಾವುದೋ ಕಚೇರಿಯವರು ಗುಜರಿಗೆ ಹಾಕಿದ್ದ ಹಳೆಯ ಕಂಪ್ಯೂಟರನ್ನು ತಂದು ಲಿನಕ್ಸ್ ಹಾಕಿದ್ದೇನೆ. ಹಳೆಯದಾದರೂ ನಡೆಯುತ್ತದೆ, ಮಾತಾಡುತ್ತದೆ, ಅದೇ ನೆಗಡಿ ದನಿ. ಅರ್ಜಿ ಬರೆಸಲು, ಸ್ತ್ರೀಶಕ್ತಿ ಸಂಘದ ಕಾಗದ ಮಾಡಿಸಲು ಜನ ಬರುತ್ತಾರೆ. ಅವರು ಹೇಳುತ್ತಾರೆ, ಸುಧಾ ಒತ್ತುತ್ತಾಳೆ, ನಾನು ಪ್ರಿಂಟ್ ತೆಗೆಯುತ್ತೇನೆ. ಕಾಕನಕೋಟೆ ಕಡೆಯಿಂದ ಬರುವ ಹೆಂಗಸರು ಮೊದಮೊದಲು ಅವಳ ಕಣ್ಣು ನೋಡಿ ಹಿಂದೆ ಸರಿಯುತ್ತಿದ್ದರು, ಈಗ ಅವಳನ್ನೇ ಕೇಳಿಕೊಂಡು ಬರುತ್ತಾರೆ.

‘ಕಂಡದ್ದು’ ಮಾತ್ರ ಮತ್ತೆ ಶುರುವಾಗಿಲ್ಲ. ಬಂದ ಹೊಸದರಲ್ಲಿ ಒಂದು ಸಲ ಅವ್ವನಿಂದಲೇ ಮೊದಲು ಮಾಡುತ್ತೇನೆ ಎಂದು ಕೂತಳು. ಬಹಳ ಹೊತ್ತು ಕೀ ಒತ್ತಿದ ಸದ್ದು ಬರಲಿಲ್ಲ. ಕೊನೆಗೆ, “ಬಳೆ ಸದ್ದು ಬತ್ತದೆ, ಮೊಕ ಬರಲ್ಲ” ಅಂದು ಎದ್ದಳು. ಆಮೇಲೆ ಅವಳು ಬರೆಯುವುದೆಲ್ಲ ಬೇರೆಯವರ ಕಷ್ಟ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಿಷನ್ನಿನ ವಿಷಯಕ್ಕೆ ನಾನು ಬಿಟ್ಟು ಬರಲಿಲ್ಲ. ಗೊತ್ತಿಲ್ಲದೆ ಅಳಿಸಿದಿರಿ, ಅದನ್ನು ನಾನು ನುಂಗಿಕೊಳ್ಳುತ್ತಿದ್ದೆ. ಅಳಿಸಿದ್ದು ಏನು ಎಂದು ಗೊತ್ತಾದ ಮೇಲೆ ಒಂದು ಸಲ ಮೇಲೆ ಬಂದು ಅವಳ ಪಕ್ಕದಲ್ಲಿ ಕೂತು, ಅವ್ವನ ಮೂಗುಬೊಟ್ಟು ಈ ಕಡೆ ಇತ್ತು ಕಣವ್ವ ಅಂದಿದ್ದರೆ ಸಾಕಿತ್ತು. ಬಂದದ್ದು ಶಾಲು ಹೊದಿಸಿಕೊಳ್ಳುವುದಕ್ಕೆ ಅವಳು ಬೇಕಾದಾಗ. ಈಗಲೂ ನಿಮ್ಮ ಕಾಗದದಲ್ಲಿ ಅವಳ ಹೆಸರು ಇರುವುದು ಪೇಪರಿನವರ ಹೆಸರಿನ ಪಕ್ಕದಲ್ಲಿ.

ಪೂಜೆಗೆ ನಾನು ಬರುವುದಿಲ್ಲ, ಅವಳೂ ಬರುವುದಿಲ್ಲ. ನನ್ನ ತವರಿನವರು ಕೇಳಿದರೆ ಏನು ಹೇಳುತ್ತೀರೋ ಅದು ನಿಮಗೆ ಬಿಟ್ಟದ್ದು. ನಾನು ಅವರಿಗೆ ಆಗಲೇ ಎಲ್ಲ ಹೇಳಿದ್ದೇನೆ. ಕರೆಯಲು ಇನ್ನೊಬ್ಬರನ್ನು ಕಳಿಸಬೇಡಿ.

ರೂಪಶ್ರೀ

ಮರೆತ ಮಾತು: ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದೆ. ಹೋದ ತಿಂಗಳು ಸುಧಾಳಿಗೆ ತವರಿಗೆ ಅಂತ ಹೇಳಿ ನಾನು ಹಾರನಹಳ್ಳಿಗೆ ಹೋಗಿದ್ದೆ. ಸಣ್ಣಬೀರಯ್ಯನವರು ನನ್ನನ್ನು ಗುರುತಿಸಿ ಒಳಗೆ ಕರೆದರು, ಮಗಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಅಳಿಸಿದ ಡಿಸ್ಕಿನಲ್ಲಿ ಹಳೆಯದರ ಚೂರುಗಳು ಕೆಲವು ಸಲ ಉಳಿದಿರುತ್ತವೆ, ಅವನ್ನು ಹುಡುಕುವ ಸಲಕರಣೆಯೂ ಲಿನಕ್ಸ್‌ನಲ್ಲಿ ಪುಕ್ಕಟೆ ಇದೆ. ಹೆಚ್ಚು ಕಡಿಮೆ ಎಲ್ಲದರ ಮೇಲೂ ಸಿನಿಮಾ ಹಾಡು ಕೂತಿತ್ತು. ಸಿಕ್ಕಿದ್ದು ಒಂದೇ ತುಂಡು, ಹಿಂದೆ ಮುಂದೆ ಇಲ್ಲದ್ದು. ಅದನ್ನು ಇದ್ದ ಹಾಗೆಯೇ ಬರೆದುಕೊಂಡೆ:

‘ಅಣ್ಣ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬ್ಯಾರನ್ನಿನ ಬಾಯಿಯ ಮುಂದೆ ನಿಂತಿದ್ದ. ಉರಿಯ ಬೆಳಕಿಗೆ ಅವನ ಕಿವಿ ಕೆಂಪಗೆ ಕಾಣುತ್ತಿತ್ತು. ಎಡಗಿವಿಯ ಹಿಂದೆ ಒಂದು ಸಣ್ಣ ಮಚ್ಚೆ. ಅದು ಅವನಿಗೂ ಗೊತ್ತಿಲ್ಲ, ನನಗೊಬ್ಬಳಿಗೇ ಗೊತ್ತು. ಅಣ್ಣ ನಕ್ಕರೆ ಮೇಲಿನ’

ಅಲ್ಲಿಗೆ ನಿಂತಿದೆ. ಮನೆಗೆ ತಂದು ಸುಧಾಳಿಗೆ ಕಂಪ್ಯೂಟರಿನಿಂದಲೇ ಓದಿಸಿದೆ. ಕೊನೆಯವರೆಗೂ ಕೇಳಿದಳು, ಇನ್ನೊಂದು ಸಲ ಓದಿಸು ಅಂದಳು. ಆಮೇಲೆ, “ಅವ್ವನ್ದು ಒಂದ್ ಗೆರೇನೂ ಉಳ್ದಿಲ್ವಾ ಅತ್ತಿಗೆ?” ಎಂದು ಕೇಳಿದಳು. ಇಲ್ಲ ಅಂದೆ. ತಾನೇ ಕೀ ಹುಡುಕಿ ಆ ತುಂಡನ್ನು ಅಳಿಸಿದಳು.